ಅಂಗಡಿಯಲ್ಲಿ ಓಡಿ ಮನೆಯಲ್ಲಿ ನಿಲ್ಲುತ್ತಿದ್ದ ಲ್ಯಾಪ್‌ಟಾಪ್

೨೦೦೮ರಲ್ಲಿ ನಾನು ಹುಣಸೂರು ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಕೈ ಚುರುಕು, ಆದರೆ ಕೋಪ ಮೂಗಿನ ತುದಿಯಲ್ಲೇ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ಆ ವರ್ಷ ಕಂಪಲಾಪುರದ ನಾಗವೇಣಿ ಎಂಬ ಹುಡುಗಿ ಒಂದು ಹಳೆಯ ಲ್ಯಾಪ್‌ಟಾಪ್ ತಂದಳು. ಬಿ.ಎಸ್ಸಿ. ಮುಗಿಸಿದ್ದಳು. ಪಿರಿಯಾಪಟ್ಟಣದ ಶಾಲೆಯೊಂದು ಕಂಪ್ಯೂಟರ್ ಟೀಚರ್ ಕೆಲಸಕ್ಕೆ ಕರೆದಿತ್ತು. ಆದರೆ ಮೊದಲು ತನ್ನದೇ ಲ್ಯಾಪ್‌ಟಾಪ್ ಇಟ್ಟುಕೊಂಡು ಮಕ್ಕಳ ಮುಂದೆ ಮುಕ್ಕಾಲು ಗಂಟೆ ಪಾಠ ಮಾಡಿ ತೋರಿಸಬೇಕು. ಅದಕ್ಕೆ ಮೂರು ವಾರ ಇತ್ತು. ಲ್ಯಾಪ್‌ಟಾಪಿನ ನಲವತ್ತು ಜಿಬಿ ಹಾರ್ಡ್ ಡಿಸ್ಕ್, ಅಂದರೆ ಮಾಹಿತಿಯನ್ನೆಲ್ಲ ಹಿಡಿದಿಡುವ ಭಾಗ, ಕೈಕೊಡುತ್ತಿತ್ತು. ನೂರ ಅರವತ್ತು ಜಿಬಿಯದನ್ನು ಹಾಕಿದೆ. ಬಿಚ್ಚಿದಾಗ ಫ್ಯಾನಿನ ತುಂಬ ಹೊಗೆಸೊಪ್ಪಿನ ಧೂಳು. ಅವರ ಮನೆಯ ಪಡಸಾಲೆಯಲ್ಲೇ ಸೊಪ್ಪು ವಿಂಗಡಿಸುತ್ತಿದ್ದರಂತೆ. “ಒಂದು ಚೂರೂ ಧೂಳು ಒಳಗೆ ಹೋಗಬಾರದು ಕಣಮ್ಮಾ, ಹೋದ್ರೆ ಇದೂ ಹಾಳಾಗುತ್ತೆ” ಎಂದು ಎಚ್ಚರಿಸಿ ಕಳಿಸಿದೆ.

ನಾಲ್ಕೇ ದಿನಕ್ಕೆ ವಾಪಸು ಬಂದಳು. ಇಪ್ಪತ್ತು ನಿಮಿಷ ಓಡಿದರೆ ತಳ ದೋಸೆಕಲ್ಲಿನಂತೆ ಕಾದು ತಾನೇ ಆಫ್ ಆಗುತ್ತದೆ, ಆಮೇಲೆ ಎಷ್ಟು ಒತ್ತಿದರೂ ಸ್ಟಾರ್ಟ್ ಆಗುವುದಿಲ್ಲ ಎಂದಳು. ಡಿಸ್ಕ್ ಬದಲಿಸಿದ ಮೇಲೆ ಶುರುವಾದ ರೋಗ. ನನಗೆ ಡಿಸ್ಕಿನ ಮೇಲೇ ಅನುಮಾನ. ಮತ್ತೊಂದು ಹಾಕಿದೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್, ಅಂದರೆ ಬಿಸಿಯನ್ನು ಎಳೆದು ಫ್ಯಾನಿನ ಕಡೆ ದಾಟಿಸುವ ಲೇಪ, ಹೊಸದಾಗಿ ಬಳಿದೆ. ಅಂಗಡಿಯಲ್ಲಿ ಆರು ಗಂಟೆ ಎಡೆಬಿಡದೆ ಓಡಿತು. ಮನೆಗೆ ಹೋಯಿತು, ಇಪ್ಪತ್ತು ನಿಮಿಷಕ್ಕೆ ಸತ್ತಿತು. ಮತ್ತೆ ತಂದಾಗ ವಿಂಡೋಸ್ ಕೂಡ ಹೊಸದಾಗಿ ಹಾಕಿಕೊಟ್ಟೆ. ಅದೇ ಕಥೆ. ಥೂ, ಇದೆಂಥ ಪೀಡೆ! ಊಟಕ್ಕೆ ಕುಳಿತರೂ ತಲೆಯಲ್ಲಿ ಅದೇ, ಬೇರೆ ಕೆಲಸ ಮುಟ್ಟಿದರೆ ಸ್ಕ್ರೂ ಕೈಜಾರುತ್ತಿತ್ತು.

ಅದೇ ದೂರು ಹಿಡಿದು ಮೂರನೆಯ ಸಲ ಬಂದದ್ದು ಶನಿವಾರ. ಸೋಮವಾರ ಅವಳ ಪಾಠ. ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಬಟನ್ ಒತ್ತಿದೆ, ತಕ್ಷಣ ಸ್ಟಾರ್ಟ್ ಆಯಿತು. ರೇಗಿಹೋಯಿತು. “ನನ್ನ ಕೈಲಿ ಸರಿಯಾಗೇ ಓಡ್ತದಲ್ಲ! ನಿಂಗೆ ಬಳಸೋಕೇ ಬರಲ್ಲ. ನೀನೇನಮ್ಮ ಮಕ್ಕಳಿಗೆ ಹೇಳಿಕೊಡ್ತೀಯ?” ಎಂದುಬಿಟ್ಟೆ. ಯಾರೋ ಕಿಸಕ್ಕೆಂದರು. ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಭಾನುವಾರ ಮನಸ್ಸು ತಡೆಯಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಕಂಪಲಾಪುರದ ಬಸ್ಸು ಹತ್ತಿದೆ. ನಾನು ಹೋದಾಗ ನಾಗವೇಣಿ ಗೋಡೆಯ ಕಡೆ ತಿರುಗಿ ನಿಂತು ಪಾಠದ ಅಭ್ಯಾಸ ಮಾಡುತ್ತಿದ್ದಳು. ಮೇಜಿನ ಮೇಲಿನ ಲ್ಯಾಪ್‌ಟಾಪ್ ನೋಡಿ ದಂಗಾದೆ. ಅದಕ್ಕೊಂದು ಕೆಂಪು ಮಖಮಲ್ಲಿನ ಅಂಗಿ! ಪರದೆಗೂ ಕೀಬೋರ್ಡಿಗೂ ಮಾತ್ರ ಜಾಗ ಬಿಟ್ಟು, ತಳ, ಪಕ್ಕ ಎಲ್ಲ ಮುಚ್ಚಿ, ಅಂಚಿಗೆ ಕಸೂತಿ ಹಾಕಿ ಹೊಲಿದಿದ್ದರು. ಬಿಸಿಗಾಳಿ ಹೊರಬರುವ ಕಿಂಡಿಗೂ ಬಟ್ಟೆ ಮುಚ್ಚಿತ್ತು. ಬಸ್ಸಿನಲ್ಲಿ ಅಂಗಿ ಕೊಳೆಯಾಗುತ್ತದೆಂದು, ಅಂಗಡಿಗೆ ತರುವಾಗ ಅದನ್ನು ಬಿಚ್ಚಿಟ್ಟು ಬರುತ್ತಿದ್ದಳಂತೆ. ದಾರಿಯಲ್ಲಿ ತಣ್ಣಗಾದ ಲ್ಯಾಪ್‌ಟಾಪ್ ನನ್ನ ಕೈಯಲ್ಲಿ ಓಡುತ್ತಿತ್ತು.

“ಟಿ.ವಿ.ಗೆ, ಮಿಕ್ಸಿಗೆಲ್ಲ ಒಲ್ದಂಗೆ ಇದ್ಕೂ ಒಲ್ದೆ ಕಣ್ರಪ್ಪಾ,” ಎಂದರು ತಾಯಿ ಪುಟ್ಟಮ್ಮ. “ಧೂಳು ಓಗ್ಬಾರ್ದು ಅಂತ ನೀವೇ ಯೋಳಿದ್ರಂತಲ್ಲ?”

ಕವರು ಬಿಚ್ಚಿ ಓಡಿಸಿದೆ. ಒಂದು ಗಂಟೆಯಾಯಿತು, ಎರಡು ಗಂಟೆಯಾಯಿತು, ನಿಲ್ಲಲಿಲ್ಲ.

“ಅಯ್ಯೋ ಸಿವ್ನೇ, ನನ್ ಮಗೀನ ಕೆಲ್ಸಕ್ಕೆ ನಾನೇ ಕಲ್ಲಾಕ್ತಿದ್ನಲ್ಲ!” ಎಂದು ಪುಟ್ಟಮ್ಮ ಕಣ್ಣೊರೆಸಿಕೊಂಡರು. ಧೂಳು ಬೇಡವೆಂದವನು ಗಾಳಿ ಬೇಕೆಂದು ಹೇಳಿರಲಿಲ್ಲ. ಅರ್ಧ ಮಾತು ಹೇಳಿ ಕಳಿಸಿದ್ದು ನಾನು, ಬೈಸಿಕೊಂಡದ್ದು ಆ ಹುಡುಗಿ. ಹೊರಡುವಾಗ, “ತಪ್ಪು ನಂದೇ ಕಣಮ್ಮ. ನಿನ್ನೆ ಹಾಗೆ ಅನ್ನಬಾರದಿತ್ತು” ಎಂದೆ.

ನಾಗವೇಣಿ ನನ್ನನ್ನು ನೇರವಾಗಿ ನೋಡಿದಳು. “ಬೈದಾಗ ಅಲ್ಲಿ ಆರು ಜನ ಇದ್ರು ಸಾರ್. ಇಲ್ಲಿ ನಮ್ಮವ್ವ ಒಬ್ಳೇ ಅವ್ಳೆ.”

ಸೋಮವಾರ ಪಾಠ ಚೆನ್ನಾಗಿ ಆಯಿತು, ಕೆಲಸವೂ ಸಿಕ್ಕಿತು. ಫೋನ್ ಮಾಡಿ ಹೇಳಿದ್ದು ಪುಟ್ಟಮ್ಮ. ನಾಗವೇಣಿ ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಅಲ್ಲಿಂದಾಚೆಗೆ ಯಾವ ಯಂತ್ರ ಬಂದರೂ ಬಿಚ್ಚುವ ಮೊದಲು, “ಮನೇಲಿ ಎಲ್ಲಿಟ್ಕೊಂಡು ಬಳಸ್ತೀರಿ?” ಎಂದು ಕೇಳುವುದು ರೂಢಿಯಾಯಿತು. ಅದು ಕಸುಬು ಕಲಿಸಿದ ಪಾಠ. ನಾಲ್ಕು ಜನರ ಮುಂದೆ ಆಡಿದ ಮಾತನ್ನು ಆ ನಾಲ್ಕು ಜನರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂಬುದು ನಾಗವೇಣಿ ಟೀಚರ್ ಕಲಿಸಿದ್ದು. ಆ ಪಾಠವನ್ನು ಒಪ್ಪಿಸೋಣವೆಂದರೆ ಟೀಚರ್ ಮತ್ತೆ ಬರಲೇ ಇಲ್ಲ.