ಸೆಡ್ರಿಕಜ್ಜನ ಒಂದು ನಿಮಿಷ

ಫುಟ್‌ಬಾಲ್ ಆಡುವವರಿಗೆ ಕಾಲು ಬೇಕು. ನೋಡುವ ಸೆಡ್ರಿಕಜ್ಜನಿಗೆ ಗಂಟಲೊಂದಿದ್ದರೆ ಸಾಕು. ನಮ್ಮ ಯಾರ್ಕ್‌ಶೈರಿನ ಹಳೇ ಗಿರಣಿ ಊರಿನ ಮೈದಾನದಲ್ಲಿ ಪ್ರತಿ ಶನಿವಾರ ಅವನು ಕಬ್ಬಿಣದ ಕಂಬಿ ಹಿಡಿದು ನಿಂತಲ್ಲೇ ಕುಣಿಯುತ್ತಾನೆ, ಟೋಪಿ ತೆಗೆದು ಹಿಂಡುತ್ತಾನೆ, ಮಾಂಸದ ಪೈಯನ್ನು ಅರ್ಧ ತಿಂದು ಇನ್ನರ್ಧವನ್ನು ಮುಂದಿನವರ ಹೆಗಲಿಗೆ ಉದುರಿಸುತ್ತಾನೆ. ನಮ್ಮ ತಂಡದ ಎಡಬದಿ ಕಾಯುತ್ತಿದ್ದ ನಾರ್ಮನ್ ಗಾರ್ಸೈಡ್ ಆಡಿದ ಹನ್ನೊಂದು ವರ್ಷವೂ ಅಜ್ಜ ಬೈದದ್ದು ಅವನೊಬ್ಬನನ್ನೇ. "ಹಿಂದೆ ನೋಡೋ ಹೆಗ್ಗಣ! ಬಂದ ಕಣೋ!" ವಿರಾಮದಲ್ಲಿ ತಂಡಗಳು ದಿಕ್ಕು ಬದಲಿಸಿದರೆ ಅಜ್ಜನೂ ಮೈದಾನ ಸುತ್ತಿ ಗಾರ್ಸೈಡ್ ಇರುವ ಬದಿಗೇ ಓಡುತ್ತಿದ್ದ. ಆಟ ಬಿಟ್ಟು ಎಷ್ಟೋ ವರ್ಷವಾಗಿದ್ದ ಗಾರ್ಸೈಡ್ ಹೋದ ವಾರ ತೀರಿಕೊಂಡ. ಈ ಶನಿವಾರ ಆಟಕ್ಕೆ ಮುಂಚೆ ಅವನಿಗಾಗಿ ಒಂದು ನಿಮಿಷ ಮೌನ. ಎಲ್ಲರಿಗೂ ಅಜ್ಜನ ಬಾಯಿಯದೇ ಭಯ. "ಅಜ್ಜಾ, ಅವನ ಹೆಂಡ್ತಿ ಮಕ್ಳು ಬಂದಿದಾರೆ. ಬಾಯಿಗೆ ಪೈ ತುರುಕ್ಕೊಂಡಾದ್ರೂ ಸುಮ್ನಿರು" ಎಂದಳು ಚಹಾ ಮಾರುವ ಹಿಲ್ಡಾ. "ಮೊದ್ಲು ನೀನ್ ಸುಮ್ನಿರಮ್ಮ!" ರೆಫರಿ ಸೀಟಿ ಊದಿದ. ಅಜ್ಜ ಟೋಪಿ ಕಚ್ಚಿಕೊಂಡು, ಕಂಬಿಯೇ ಅಲುಗುವಂತೆ ನಡುಗುತ್ತ, ಅರವತ್ತು ಸೆಕೆಂಡೂ ತುಟಿ ಬಿಚ್ಚಲಿಲ್ಲ. "ಗೆದ್ದೆಯಲ್ಲಜ್ಜ!" ಎಂದೆ. ಅವನು ಕಣ್ಣೊರೆಸಿಕೊಂಡ. "ಅವನಿಗೆ ಬಲಗಿವಿ ಕೇಳ್ತಿರ್ಲಿಲ್ಲ ಕಣೋ. ಕ್ಲಬ್ಬಿನೋರಿಗೆ ತಿಳಿದ್ರೆ ತೆಗೆದುಹಾಕ್ತಾರೆ ಅಂತ ನನಗೊಬ್ಬನಿಗೇ ಹೇಳಿದ್ದ. ಹಿಂದಿನಿಂದ ಯಾರೇ ಬರ್ಲಿ, ಅವನ ಎಡಗಿವಿಗೆ ನಾನೇ ಕೂಗ್ಬೇಕಿತ್ತು. ಇವತ್ತು ಪೂರ್ತಿ ಒಂದ್ ನಿಮಿಷ ಸುಮ್ನಿದ್ನಲ್ಲ, ಗಾಬರಿ ಬಿದ್ದಿರ್ತಾನೆ."