ಗಾಳಿ ಖಾತೆಯ ಎಂಜಿನಿಯರ್ ಸಾಹೇಬರು

ಬೆಳಗಾವಿಯ ಖಡೇಬಜಾರಿನಲ್ಲಿ ಸ್ಟೀಲ್ ಪಾತ್ರೆ ಮಾರುವ ಉತ್ತಮ ಚೌಗಲೆ ಗಾಳಿ ಖಾತೆಯ ಕಾರ್ಯನಿರ್ವಾಹಕ ಎಂಜಿನಿಯರು ಎಂಬ ಸಂಗತಿ ಬಹುಕಾಲ, ಅವನ ಹೆಂಡತಿಯನ್ನು ಬಿಟ್ಟರೆ, ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ, ಸ್ವತಃ ಉತ್ತಮ. ಇನ್ನೊಬ್ಬ ಅವನ ಮೇಲಧಿಕಾರಿ, ಖಾನಾಪುರದಲ್ಲಿ ಹೆಂಚಿನ ಭಟ್ಟಿ ನಡೆಸುವ ಗೌರೀಶ. ಸರ್ಕಾರಕ್ಕೆ ಗೊತ್ತಿರಲಿಲ್ಲ. ಅಂಥ ಖಾತೆಯೇ ಇರಲಿಲ್ಲವಾದ್ದರಿಂದ ಅದರಲ್ಲಿ ಸರ್ಕಾರದ ತಪ್ಪೇನೂ ಇಲ್ಲ.

ಡಿಪ್ಲೊಮಾ ಮುಗಿಸಿದ ಹೊಸತರಲ್ಲಿ ಈ ಗೆಳೆಯರಿಬ್ಬರೂ ಸರ್ಕಾರಿ ರೇಡಿಯೋ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಿ, ಒಂದೇ ಇಸ್ತ್ರಿ ಪೆಟ್ಟಿಗೆಯಲ್ಲಿ ಅಂಗಿ ತೀಡಿಕೊಂಡು ಸಂದರ್ಶನಕ್ಕೆ ಹೋಗಿದ್ದರು. “ಈ ನೌಕರಿ ನಿಮಗೇಕೆ ಬೇಕು?” ಎಂದು ಸಾಹೇಬರು ಕೇಳಿದಾಗ ದೇಶಸೇವೆ ಎನ್ನಬೇಕಿತ್ತು. ಉತ್ತಮ ಮಾತ್ರ, “ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ದಿನಾ ಕುಂದರಾಕ ಸಿಗತೈತಲ್ರಿ” ಎಂದುಬಿಟ್ಟ. ಹೊರಗೆ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದ ಗೌರೀಶ, ಇದೇ ಸರಿಯುತ್ತರವಿರಬೇಕು ಎಂದುಕೊಂಡು ಒಳಹೋಗಿ ಅದನ್ನೇ ಒಂದಕ್ಷರ ಬಿಡದೆ ಒಪ್ಪಿಸಿದ. ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಮರಳಿದರು.

ನೌಕರಿ ಸಿಗದಿದ್ದರೂ ಹೆಡ್‌ಫೋನಿನ ಹುಚ್ಚು ಬಿಡಲಿಲ್ಲ. ಹ್ಯಾಮ್ ರೇಡಿಯೋ ಪರೀಕ್ಷೆ ಬರೆದು ಲೈಸೆನ್ಸ್ ಪಡೆದರು. ಅಂದರೆ ಸ್ವಂತ ಸೆಟ್ಟು ಇಟ್ಟುಕೊಂಡು, ಮನೆಯ ಮೇಲೆ ತಂತಿ ಕಟ್ಟಿ, ಬರೀ ಹವ್ಯಾಸಕ್ಕಾಗಿ ಊರೂರಿನ ಜನರೊಡನೆ ಮಾತಾಡುವ ಹಕ್ಕು. ಉತ್ತಮ ತನ್ನ ಸೆಟ್ಟನ್ನು ಹಳೆಯ ಪದ್ಧತಿಯಂತೆ ಕೈಯಾರೆ ಕಟ್ಟಿದ. ಅದಕ್ಕೆ ಪೆಟ್ಟಿಗೆಯಾಗಿ ಒದಗಿದ್ದು ಅಂಗಡಿಯಲ್ಲಿ ನೆಗ್ಗಿಹೋಗಿ ಉಳಿದಿದ್ದ ದೊಡ್ಡ ಅಕ್ಕಿ ಡಬ್ಬಿ.

ಒಮ್ಮೆ ಗೌರೀಶ ಗಾಳಿಯ ಮೇಲೆ, ಅಂದರೆ ರೇಡಿಯೋದಲ್ಲಿ, ನಿಟ್ಟುಸಿರುಬಿಟ್ಟ. “ಲೇ ಉತ್ತಮ, ಸರ್ಕಾರಿ ಎಂಜಿನಿಯರ್ ಕಿವಿಗೆ ಹಾಕ್ಕೊಂಡು ಕುಂತ್ರ ಪಗಾರ, ಮ್ಯಾಲ ಪೆನ್ಶನ್. ನಾವು ಕುಂತ್ರ ಹೇಣ್ತಿ ಕಡಿಂದ ಬೈಸ್ಕೊಳ್ಳೂದು. ಇದ್ಯಾವ ನ್ಯಾಯ? ಓವರ್.”

“ಹಂಗಾರ ನಾವ ಸರ್ಕಾರ ಆಗೂಣಲ್ಲ,” ಎಂದ ಉತ್ತಮ, ‘ಓವರ್’ ಬಂದು ತನ್ನ ಸರದಿ ಸಿಕ್ಕ ಕೂಡಲೇ.

ಹೀಗೆ ಗಾಳಿ ಖಾತೆ ಅಸ್ತಿತ್ವಕ್ಕೆ ಬಂತು. ಗೌರೀಶ ತನ್ನನ್ನು ತಾನೇ ಅಧೀಕ್ಷಕ ಎಂಜಿನಿಯರನ್ನಾಗಿ ನೇಮಿಸಿಕೊಂಡ. ಅಲ್ಲಿಂದ ದಿನವೂ ಇಳಿಹೊತ್ತಿನಲ್ಲಿ, ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಉತ್ತಮ ಸೆಟ್ಟಿನ ಮುಂದೆ ಕೂತನೆಂದರೆ ಕಚೇರಿ ತೆರೆದಂತೆ. ಜಾಂಬೋಟಿ ಕಡೆಯ ಮಳೆಗೆ ಧ್ವನಿ ಕರಕರ ಎಂದರೆ ಮಳೆಗೆ ನೋಟೀಸು ಹೋಗುತ್ತಿತ್ತು. ಸಾಂಬ್ರಾದಿಂದ ಎದ್ದ ವಿಮಾನ ತಲೆಯ ಮೇಲೆ ಹಾದುಹೋದರೆ, ಖಾತೆಯ ಗಾಳಿಯನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ಪೈಲಟನ ಮೇಲೆ ಕ್ರಮ. ವರ್ಗಾವಣೆಗಳಂತೂ ಧಾರಾಳ. ಕೆಲಸ ಮಾಡದ ಫ್ಯಾನು ಬೀದರಿಗೆ, ಕೆಮ್ಮುವ ಸ್ಕೂಟರು ಬೀದರಿಗೆ, ಗೌರೀಶನ ಸೋದರಮಾವ ಎರಡು ಸಲ ಬೀದರಿಗೆ. ಉತ್ತಮನ ಹೆಂಡತಿ ದೀಪಾಲಿ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಜೈನರ ಮನೆಯವಳು. “ಎಂಜಿನಿಯರ್ ಸಾಹೇಬ್ರ, ತಾಟ ಹಾಕೇನಿ. ಬರ್ತೀರೋ, ನಿಮಗೂ ಬೀದರದ ಆರ್ಡರ್ ತಗೀಲೋ?” ಎಂದು ಅವಳು ಕೂಗಿದ ಕೂಡಲೇ ಖಾತೆಗೆ ಬೀಗ.

ಇಂಥ ಸುಭಿಕ್ಷ ಆಡಳಿತಕ್ಕೆ ಕುತ್ತು ಬಂದದ್ದು ಅಪಾರ್ಟ್‌ಮೆಂಟಿನ ಚೇರ್ಮನ್ನರಿಂದ. ಟಿಳಕವಾಡಿಯ ಆ ಮೂರಂತಸ್ತಿನ ಕಟ್ಟಡದಲ್ಲಿ ಉತ್ತಮನದು ಮೇಲಿನ ಮನೆ. ಅವನ ಆಂಟೆನಾ ಗಚ್ಚಿಯ ನಡುವೆ ನಿಂತಿತ್ತು: ಒಂದು ಕಬ್ಬಿಣದ ಕಂಬ, ಅದರ ತುದಿಯಿಂದ ಎರಡೂ ಮೂಲೆಗೆ ಇಳಿದ ತಂತಿ. ಚೇರ್ಮನ್ ಶಿವಲಿಂಗ ಅವರು ಒಂದು ಸರ್ಕಾರಿ ಕಚೇರಿಯಲ್ಲಿ ಮ್ಯಾನೇಜರು. ಸೇರಿದಾಗಿನಿಂದ ಬೆಳಗಾವಿ ಬಿಟ್ಟು ಕದಲದಿರುವುದೇ ಅವರ ಜೀವಮಾನದ ಸಾಧನೆ. ಅವರು ಗಚ್ಚಿ ಹತ್ತಿ ಬಂದು ಕಂಬವನ್ನು ಆಪಾದಮಸ್ತಕ ನೋಡಿದರು.

“ಇಲ್ಲಿ ಸೋಲಾರ್ ಕುಂಡ್ರಸಬೇಕಾಗೇತಿ. ಐತವಾರ ಮೀಟಿಂಗ್ ಮುಗದ ಮ್ಯಾಲ ಕಂಬ ತಗಸ್ರಿ.”

“ಬಾಜುಕ ಬೇಕಾದಷ್ಟ ಜಾಗಾ ಐತಲ್ರಿ. ಇದು ಹ್ವಾದ್ರ ನನ್ನ ರೇಡಿಯೋನ ಬಂದ್ ಆಗತೈತ್ರಿ.”

“ಭಾಂಡೆ ಮಾರೂ ಮನಷ್ಯಾಗ ರೇಡಿಯೋ ಯಾಕ ಬೇಕು? ಹಾಡ ಕೇಳಬೇಕಂದ್ರ ಮೊಬೈಲ್ ಐತಿ,” ಎಂದು ಶಿವಲಿಂಗ ಮೆಟ್ಟಿಲಿಳಿದರು.

ಕಂಬವಿಲ್ಲದ ಹ್ಯಾಮ್ ಎಂದರೆ ಮೀಸೆ ಬೋಳಿಸಿದ ಹುಲಿ. ಉತ್ತಮನಿಗೆ ಊಟ ರುಚಿಸಲಿಲ್ಲ. ಮರುದಿನ ಇಳಿಹೊತ್ತಿಗೆ ಖಾತೆಯ ತುರ್ತುಸಭೆ ಕರೆದು, ಮೇಲಧಿಕಾರಿಯ ಮುಂದೆ ಹೊಟ್ಟೆಯ ಉರಿಯನ್ನೆಲ್ಲ ಕಾರಿಕೊಂಡ.

“ಹಂತಾ ಮನಷ್ಯಾನ ಇಟ್ಕೋಬಾರದು. ಬೀದರಕ್ಕ ಒಗೀರಿ. ಓವರ್,” ಎಂದ ಗೌರೀಶ ಖಾನಾಪುರದಿಂದ.

“ಆತ್ರಿ ಸಾಹೇಬ್ರ. ನಮ್ಮ ಚೇರ್ಮನ್ ಶಿವಲಿಂಗ, ಬೀದರಕ್ಕ. ಸೋಮವಾರ ಹಾಜರಾಗಬೇಕು. ಯಾರ ಕಡಿಂದ ವಶೀಲಿ ಹಚ್ಚಿದ್ರೂ ಕೇಳೂದಿಲ್ಲ. ಓವರ್.”

ಮಾರನೆಯ ಬೆಳಿಗ್ಗೆ ಉತ್ತಮ ಸ್ಕೂಟರ್ ಹೊರತೆಗೆಯುವಾಗ ಯಾರೋ ಓಡಿಬಂದು ಗೇಟು ತೆರೆದು ಹಿಡಿದರು. ನೋಡಿದರೆ ಶಿವಲಿಂಗ! “ಹೋಗಿಬರ್ರಿ ಸಾಹೇಬ್ರ,” ಎಂದು ಅವರು ಕೈಯೆತ್ತಿ ನಮಸ್ಕರಿಸಿದಾಗ, ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ಉತ್ತಮ ತಿರುಗಿ ನೋಡಿದ. ಹಿಂದೆ ನೀರಿನ ಟಾಕಿ ಮಾತ್ರ ಇತ್ತು.

ಗುಟ್ಟು ಒಡೆದವರು ಕೆಳಗಿನ ಮನೆಯ ಗೌರವ್ವ. ಅವರ ಮನೆಯಲ್ಲಿ ಅಕ್ಕನ ಬಳಗದ ಹೆಂಗಸರು ಸೇರಿ ದಿನಾ ವಚನ ಹಾಡುತ್ತಿದ್ದರು. ಆ ವಾರವಷ್ಟೇ ಹೊಸ ಸ್ಪೀಕರು ತಂದು, ಅದರ ಮೈಕಿನ ಉದ್ದನೆಯ ವಾಯರನ್ನು ಗೋಡೆಗುಂಟ ಎಳೆದು ಕಟ್ಟಿಸಿದ್ದರು. ಸಂಜೆ ಉತ್ತಮನ ಬಾಗಿಲಿಗೆ ಬಂದ ಗೌರವ್ವ ಅತ್ತಿತ್ತ ನೋಡಿ, ಸೆರಗಿನಲ್ಲಿ ಬಾಯಿ ಮರೆಮಾಡಿಕೊಂಡು ಹೇಳಿದರು.

“ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ನೀವು ಆಫೀಸಿನ ಮಾತಾಡೂದೆಲ್ಲಾ ನಮ್ಮ ಸ್ಪೀಕರ್‌ನ್ಯಾಗ ಸೋರಾಕತ್ತೈತಿ. ಸರ್ಕಾರದ ಗುಟ್ಟು ಹಿಂಗ ಬೀದಿಗಿ ಬೀಳಬಾರದು. ನಮ್ಮ ಬಳಗದ ಅಷ್ಟೂ ಮಂದಿ ಬಾಯಿಗಿ ಬೀಗ ಹಾಕೇನಿ.”

ಉತ್ತಮ ಕೆಳಗಿನ ಗೋಡೆಯ ವಾಯರಿನತ್ತ ಬಗ್ಗಿ ನೋಡಿದ. ಹ್ಯಾಮ್ ಆದವನಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಹತ್ತಿರದಲ್ಲಿ ಉದ್ದ ವಾಯರಿದ್ದರೆ ಸೆಟ್ಟಿನ ಧ್ವನಿ ಅದರೊಳಗೆ ನುಗ್ಗುತ್ತದೆ. ನುಗ್ಗುವುದು ತನ್ನ ಧ್ವನಿ ಮಾತ್ರ. ದೂರದ ಖಾನಾಪುರದ ಧ್ವನಿಗೆ ಅಷ್ಟು ಬಲವಿಲ್ಲ. ಹಾಗಾಗಿ ಕೆಳಗಿನವರು ಕೇಳಿದ್ದು ಅರ್ಧ ಮಾತು. ಇಬ್ಬರು ಕೂಡಿ ಆಡಿದ ಚೇಷ್ಟೆಯಲ್ಲಿ ಗೌರೀಶನ ಪಾಲನ್ನು ತೆಗೆದರೆ ಉಳಿಯುವುದು ಅಪ್ಪಟ ಸರ್ಕಾರ.

“ಅಕ್ಕಾರ, ಅದು ಹಂಗಲ್ರಿ… ನಂದು ಭಾಂಡೆ ಅಂಗಡಿ…”

“ಗೊತ್ತೈತ್ರಿ,” ಗೌರವ್ವ ಕಣ್ಣು ಮಿಟುಕಿಸಿದರು. “ಅಂಗಡಿ ಬರೇ ತೋರಿಕಿ. ಇಷ್ಟ ದೊಡ್ಡ ಅಧಿಕಾರಿ ಸಾದಾ ಮನಷ್ಯಾನ್ಹಂಗ ಕಾಯಿಪಲ್ಯಾ ಚೀಲ ಹಿಡ್ಕೊಂಡು ತಿರಗತಾರ ಅಂತ ಎಲ್ಲಾರೂ ಹೊಗಳಾಕತ್ತಾರ.”

ಬಳಗದಲ್ಲಿ ಶಿವಲಿಂಗ ಅವರ ಹೆಂಡತಿ ಪೂರ್ಣಿಮಾ ಕೂಡ ಇದ್ದಳು. ಗಂಡನ ವರ್ಗಾವಣೆಯ ಸುದ್ದಿ ಸ್ಪೀಕರಿನಲ್ಲಿ ಬಂದಾಗ ಅವಳ ಕೈಯಿಂದ ತಾಳ ಜಾರಿ ಬಿದ್ದಿತ್ತಂತೆ.

ಆ ದಿನದಿಂದ ಉತ್ತಮನ ಬದುಕು ಸುಖಮಯವೂ ದುರ್ಭರವೂ ಆಯಿತು. ಶಿವಲಿಂಗ ಮೀಟಿಂಗಿನ ವಿಷಯ ಎತ್ತಲಿಲ್ಲ. ಬದಲಿಗೆ ಕಂಬದ ಬುಡಕ್ಕೆ ತಾವೇ ನಿಂತು ಬಣ್ಣ ಬಳಿಸಿದರು. ಉತ್ತಮನ ಗ್ಯಾಸ್ ಸಿಲಿಂಡರನ್ನು ಒಮ್ಮೆ ಏದುಸಿರು ಬಿಡುತ್ತ ಹೆಗಲ ಮೇಲೆ ಹೊತ್ತುಕೊಂಡು ಬಂದರು. ಇತ್ತ ಅಹವಾಲುಗಳೂ ಬರತೊಡಗಿದವು. ಗೌರವ್ವನವರದೇ ಒಂದು: ಜಾಂಬೋಟಿಯ ತವರುಮನೆಯಲ್ಲಿ ಮಳೆಗಾಲದಲ್ಲಿ ಫೋನ್ ಹತ್ತುವುದಿಲ್ಲ, ಸಾಹೇಬರು ಮನಸ್ಸು ಮಾಡಿ ಒಂದು ಟಾವರ್ ಮಂಜೂರು ಮಾಡಬೇಕು. ಆಕೆ ಅದನ್ನು ಕೇಳಿದಾಗ ಮುಖದಲ್ಲಿದ್ದ ಆಸೆ ನೋಡಿ ಉತ್ತಮ ಬಾಯಿಗೆ ಒಯ್ದಿದ್ದ ಸಿಹಿ ಕುಂದಾವನ್ನು ತಟ್ಟೆಗೆ ಮರಳಿಸಿದ. ಕುಂದಾ ತಂದುಕೊಟ್ಟವರೂ ಆಕೆಯೇ.

ಫೋನಿನಲ್ಲಿ ಸಲಹೆ ಕೇಳಲು ಗೌರೀಶನಿಗೆ ಹಚ್ಚಿದರೆ ಅವನು ಭಟ್ಟಿಯ ಗದ್ದಲದಲ್ಲಿ ಎತ್ತಲೇ ಇಲ್ಲ. ದೀಪಾಲಿ ಸಲಹೆಯನ್ನು ಕೇಳದೆಯೇ ಕೊಟ್ಟಳು.

“ಸುಳ್ಳ ಅಧಿಕಾರಿ ಅಂತ ಯಾರರೆ ಕಂಪ್ಲೇಂಟ್ ಕೊಟ್ರ ಲೈಸೆನ್ಸೂ ಹೋಗತೈತಿ, ಮಾನಾನೂ ಹೋಗತೈತಿ. ಖರೇ ಹೇಳಿ ಕೈ ತೊಳ್ಕೊಳ್ರಿ.”

“ಖರೇ ಹೇಳಿದ್ರ ಕಂಬ ಹೋಗತೈತಿ.”

“ಮತ್ತ ಹೆಗಲ ಮ್ಯಾಲ ಸಿಲಿಂಡರ್ ಹೊರಸೂಮುಂದ ಗೊತ್ತಾಗಲಿಲ್ಲೇನು?”

ಎರಡು ದಿನ ಒದ್ದಾಡಿ ಉತ್ತಮ ನಿರ್ಧಾರಕ್ಕೆ ಬಂದ. ಕಂಬ ಹೋದರೆ ಹೋಗಲಿ, ಎಲ್ಲರಿಗೂ ಒಂದೇ ಸಲ ನಿಜ ಹೇಳಿಬಿಡುವುದು. ಎದುರೆದುರು ಹೇಳುವ ಧೈರ್ಯವಿರಲಿಲ್ಲ. ಸೆಟ್ಟಿನ ಮುಂದೆ ಮಾತ್ರ ಅವನು ಸಿಂಹ. ಸ್ಪೀಕರಿನಲ್ಲಿ ಹೋದ ಮಾನ ಸ್ಪೀಕರಿನಲ್ಲೇ ಮರಳಲಿ ಎಂದು, ಭಾನುವಾರ ಇಳಿಹೊತ್ತಿಗೆ ಕೆಳಗೆ ಬಳಗ ಸೇರಿದ್ದನ್ನು ಖಚಿತ ಮಾಡಿಕೊಂಡು, ಗಂಟಲು ಸರಿಪಡಿಸಿ ಮೈಕು ಹಿಡಿದ.

“ಲೇ ಗೌರೀಶ, ಇವತ್ತ ಚ್ಯಾಷ್ಟಿ ಬ್ಯಾಡ. ಇನ್ನ ಮ್ಯಾಲ ನಾ ಎಂಜಿನಿಯರ್ ಅನಿಸ್ಕೊಳ್ಳೂದಿಲ್ಲ. ಭಾಂಡೆ ಮಾರ್ಕೊಂಡು ಮರ್ಯಾದಿಲೆ ಇರತೀನಿ. ಓವರ್.”

ಗೌರೀಶನಿಗೆ ಇದು ಹೊಸ ಬಗೆಯ ಚೇಷ್ಟೆಯಾಗಿ ಕಂಡು ಬಹಳ ಹಿಡಿಸಿತು. “ಏನ್ರೀ ಇದು, ರಾಜೀನಾಮೀನ? ನಿಮ್ಮಂಥಾ ಪ್ರಾಮಾಣಿಕ ಅಧಿಕಾರಿನ ಖಾತೆ ಹೆಂಗ ಬಿಟ್ಟುಕೊಡತೈತಿ? ಓವರ್!”

“ರಾಜೀನಾಮಿ ಅಂತನ ತಿಳಕೊಳ್ರಿ! ತಪ್ಪ ನಂದೈತಿ. ಶಿವಲಿಂಗ ಅವರಿಗಿ ಸುಮ್ಮಸುಮ್ಮನ ತ್ರಾಸ ಕೊಟ್ಟೆ. ಓವರ್.”

ಹೇಳಿ ಮುಗಿಸಿ ಅವನು ಎದೆ ಹಗುರ ಮಾಡಿಕೊಳ್ಳುವಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದು. ಬಾಗಿಲು ತಳ್ಳಿಕೊಂಡು ಗೌರವ್ವ, ಅವರ ಹಿಂದೆ, ಅವರಿಂದ ಸುದ್ದಿ ಕೇಳಿ ಓಡಿಬಂದ ಶಿವಲಿಂಗ.

“ಸಾಹೇಬ್ರ, ರಾಜೀನಾಮಿ ಯಾಕ್ರಿ?” ಗೌರವ್ವನ ಕಣ್ಣಲ್ಲಿ ನೀರು. “ಸ್ಪೀಕರ್ ನಮ್ದು ಸೋರಿದ್ದು, ನೌಕರಿ ನಿಮ್ದು ಹೋಗಬೇಕೇನು?”

ಶಿವಲಿಂಗ ಮುಂದೆ ಬಂದು ಉತ್ತಮನ ಎರಡೂ ಕೈ ಹಿಡಿದುಕೊಂಡರು. “ನನ್ನ ಸಲುವಾಗಿ ನೀವು ಭಾಂಡೆ ಮಾರ್ಕೊಂಡು ತಿರಗೂದು ಬ್ಯಾಡ್ರಿ. ನಾ ಬೀದರಕ್ಕ ಹೋಗತೀನಿ. ಚೀಲಾ ಕಟ್ಟೇನಿ.”

ಬೆಳಗಾವಿ ಬಿಟ್ಟು ಕದಲದ ಮನುಷ್ಯ ನಿಜವಾಗಿಯೂ ಚೀಲ ಕಟ್ಟಿದ್ದರು. ಉತ್ತಮನಿಗೆ ಆಗ ತಿಳಿಯಿತು: ಅರ್ಧ ಮಾತಿನಿಂದ ಹುಟ್ಟಿದ ತಪ್ಪನ್ನು ಮತ್ತೆ ಅರ್ಧ ಮಾತಿನಿಂದಲೇ ತೊಳೆಯಲು ಹೊರಟಿದ್ದೆ. ಅವನು ಹೆಡ್‌ಫೋನಿನ ವಾಯರನ್ನು ಸೆಟ್ಟಿನಿಂದ ಕಿತ್ತುಹಾಕಿದ. ಮಾತಿನ ಉಳಿದರ್ಧ, ಖಾನಾಪುರದ್ದು, ಸೆಟ್ಟಿನಿಂದಲೇ ಕೋಣೆಯ ತುಂಬ ಮೊಳಗಿತು.

“ರಾಜೀನಾಮಿ ನಾಮಂಜೂರ! ಇಲ್ಲದ ಖಾತೆಯೊಳಗ ಇಲ್ಲದ ನೌಕರಿ, ಬಿಡಾಕ ಹೆಂಗ ಬರತೈತಿ ಮಗನ? ಮೂವತ್ತ ವರ್ಸದ ಹಿಂದ ಸರ್ಕಾರ ನಮ್ಮನ್ನ ಹೊರಗ ದಬ್ಬಿದ್ದ ಮರತಿ ಏನು? ಈಗ ನಾವ ಸರ್ಕಾರ! ಅದಿರಲಿ, ಆ ನಿಮ್ಮ ಚೇರ್ಮನ್ ಗಂಟುಮೂಟಿ ಕಟ್ಟಿದ್ನೋ ಇಲ್ಲೋ? ಓವರ್.”

ಶಿವಲಿಂಗ ಉತ್ತಮನ ಕೈಗಳನ್ನು ಒಂದೊಂದಾಗಿ ಬಿಟ್ಟರು. ಅವರು ಮನಸ್ಸಿನಲ್ಲೇ ಗೇಟು, ಬಣ್ಣ, ಸಿಲಿಂಡರುಗಳ ಲೆಕ್ಕ ಹಾಕುತ್ತಿರುವುದು ಮುಖದ ಮೇಲೆಯೇ ಕಾಣುತ್ತಿತ್ತು.

“ಇಷ್ಟ ರೀ,” ಎಂದ ಉತ್ತಮ ತಲೆ ತಗ್ಗಿಸಿ. “ಇಬ್ಬರು ಹುಚ್ಚರ ಆಟ. ಮೊದಲನೇ ದಿನಾನ ಹೇಳಬೇಕಾಗಿತ್ತು. ಕಂಬದ ಆಸೆಕ್ಕ ಸುಮ್ಮನ ಕುಂತೆ. ಅಕ್ಕಾರ, ಟಾವರ್ ನನ್ನ ಕೈಯಾಗ ಇಲ್ರಿ.”

ಮೊದಲು ಸದ್ದು ಬಂದದ್ದು ಗೌರವ್ವನವರಿಂದ. ಸೆರಗಿನೊಳಗೆ ಬಿಕ್ಕಳಿಕೆಯಂತೆ ಶುರುವಾದದ್ದು ನಗೆಯಾಗಿ, ಆಕೆ ಸ್ಟೂಲಿನ ಮೇಲೆ ಕುಸಿದು ಕೂತರು. “ಅಯ್ಯ ಶಿವನ! ಟಾವರ್ ಬರತೈತಿ ಅಂತ ತವರಮನಿಗಿ ಹೇಳಿಬಿಟ್ಟೇನಲ್ಲೋ!”

ಶಿವಲಿಂಗ ನಗಲಿಲ್ಲ. “ಈ ಸೆಟ್ಟಿನ ಮಾತು ಕೆಳಗ ಈಗೂ ಕೇಳತೈತೇನು?”

“ನಾ ಮಾತಾಡಿದ್ರ ಕೇಳತೈತ್ರಿ. ಎಲ್ಲಾರೂ ಕುಂತಾರ.”

“ನನ್ನ ಹೇಣ್ತೀನೂ?”

“ಅವರೂ ಅದಾರ್ರಿ.”

ಶಿವಲಿಂಗ ಅತ್ತಿಂದಿತ್ತ ಎರಡು ಸುತ್ತು ಹಾಕಿದರು. ಬಳಗದ ಎದುರು ತಮಗಾದ ವರ್ಗಾವಣೆ ಸುಳ್ಳಿರಬಹುದು. ಅದಕ್ಕೆ ಹೆದರಿ ಸಿಲಿಂಡರ್ ಹೊತ್ತದ್ದು ಮಾತ್ರ ಸುಳ್ಳಲ್ಲ, ಅದನ್ನು ಎಲ್ಲರೂ ಕಿಟಕಿಯಿಂದ ನೋಡಿದ್ದರು. ನಾಳೆ ಕಂಬ ಕೀಳಿಸಿದರೆ ಊರೆಲ್ಲ ಕಾರಣ ಕೇಳುತ್ತದೆ, ಕಾರಣದ ಜೊತೆಗೆ ಸಿಲಿಂಡರೂ ಹೊರಬರುತ್ತದೆ. ಕೊನೆಗೆ ಅವರು ಉತ್ತಮನ ಎದುರು ನಿಂತು, ಕಾಲರು ಸರಿಪಡಿಸಿಕೊಂಡರು.

“ಸೋಲಾರ್ ಬಾಜುಕ ಕುಂಡ್ರಸೂಣು. ಕಂಬ ಇರಲಿ. ಆದ್ರ ನನ್ನ ಆರ್ಡರ್ ಈಗಿಂದೀಗ ರದ್ದಾಗಬೇಕು, ಎಲ್ಲಾರಿಗೂ ಕೇಳೂಹಂಗ. ನಿಮ್ಮ ಖರೇ ವಿಷಯಾನೂ ಅದರಾಗ ಬರಬೇಕು.”

ಉತ್ತಮ ಮೈಕು ಹಿಡಿದು ನೆಟ್ಟಗೆ ಕೂತು, ಮೂವತ್ತು ವರ್ಷದ ಹಿಂದೆ ಸಂದರ್ಶನದಲ್ಲಿ ಬರದಿದ್ದ ಗಾಂಭೀರ್ಯವನ್ನು ದನಿಗೆ ತಂದುಕೊಂಡ.

“ಎಲ್ಲಾರಿಗೂ ತಿಳಿಸೂದೇನಂದ್ರ, ಗಾಳಿ ಖಾತೆ ಅನ್ನೂದು ಇಲ್ಲ. ಹಿಂದ ಇರಲಿಲ್ಲ, ಮುಂದೂ ಇರೂದಿಲ್ಲ. ನಾ ಖಡೇಬಜಾರದ ಭಾಂಡೆ ವ್ಯಾಪಾರಿ ಉತ್ತಮ ಚೌಗಲೆ, ಚ್ಯಾಷ್ಟಿಗಿ ಎಂಜಿನಿಯರ್. ಸದರಿ ಇಲ್ಲದ ಖಾತೆಯು ಶಿವಲಿಂಗ ಸಾಹೇಬ್ರ ಬೀದರ ವರ್ಗಾವಣೆಯನ್ನು ಈ ಕೂಡಲೇ ರದ್ದುಗೊಳಿಸಿದೆ. ಅವರು ಬೆಳಗಾವಿಯಲ್ಲೇ…”

“ಪ್ರಮೋಶನ್,” ಎಂದು ಶಿವಲಿಂಗ ಅವನ ಕಿವಿಯಲ್ಲಿ ಪಿಸುಗುಟ್ಟಿದರು.

“…ಪ್ರಮೋಶನ್ ಸಮೇತ ಮುಂದುವರಿಯತಕ್ಕದ್ದು. ಓವರ್.”

ಕೆಳಗಿನಿಂದ ನಗೆಯೂ ತಾಳದ ಝಣಝಣವೂ ಒಟ್ಟಿಗೆ ಮೆಟ್ಟಿಲು ಹತ್ತಿ ಬಂದವು. ಖಾನಾಪುರದಿಂದ ಮೊದಲು ಬರೀ ಕರಕರ ಸದ್ದು ಬಂತು.

“ಉತ್ತಮ,” ಎಂದ ಗೌರೀಶ ಕಡೆಗೆ, ಬೆಕ್ಕಿನ ದನಿಯಲ್ಲಿ, “ಅಲ್ಲಿ ನಿನ್ನ ಬಾಜು ಯಾರ ಅದಾರ? ಓವರ್.”

ಶಿವಲಿಂಗ ಆಗ ಮೊದಲ ಸಲ ನಕ್ಕರು. “ಹೇಳ್ರಿ ಅವಗ,” ಎಂದರು, “ನಿಮ್ಮ ಸಾಹೇಬ್ರಿಗೂ ಒಂದ ಬೀದರದ ಆರ್ಡರ್ ತಯಾರಾಗಾಕತ್ತೈತಿ ಅಂತ.”