ಹಿತ್ತಾಳೆ ಕೊಡಗಳ ಬೇಸಿಗೆ

ನನ್ನ ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಅವಳ ಮೊಣಕೈ ಮಡಿಕೆಗಳಲ್ಲಿ ಕೆಂಪು ಗುಳ್ಳೆಗಳೆದ್ದವು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಮಿಲ್ಲೊಂದರಲ್ಲಿ ನನ್ನ ಗಂಡ ಗುಮಾಸ್ತ, ನಾನು ಪ್ರೈಮರಿ ಶಾಲೆಯಲ್ಲಿ ಟೀಚರು. ನಮ್ಮಿಬ್ಬರ ಜೊತೆಗೆ ನನ್ನ ಅತ್ತೆ. ಮಗು ಕೆರೆದು ಕೆರೆದು ರಕ್ತ ಬರಿಸಿಕೊಳ್ಳುತ್ತಿತ್ತು. ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿರುವಾಗಲೂ ಆ ಕೆರೆತದ ಸದ್ದು ನನ್ನ ಕಿವಿಯಲ್ಲೇ ಇರುತ್ತಿತ್ತು.

ಮುಲಾಮು ಬರೆದುಕೊಟ್ಟ ಡಾಕ್ಟರು ಕೊನೆಗೊಂದು ಮಾತು ಹೇಳಿದರು. "ಬಟ್ಟೆ ಒಗೆಯೋ ಸೋಪಿನ ಪುಡಿ ಸ್ವಲ್ಪ ದಿನ ಬಿಟ್ಟು ನೋಡ್ರಿ ಮೇಡಂ. ಅದೂ ಒಂದು ಕಾರಣ ಇರಬೌದು."

ಅವರು ಇರಬಹುದು ಎಂದಷ್ಟೇ ಹೇಳಿದ್ದರು. ನಾನು ಮಾತ್ರ ಅಪರಾಧಿ ಸಿಕ್ಕೇಬಿಟ್ಟ ಎಂಬಂತೆ ಅಲ್ಲಿಂದ ಎದ್ದೆ. ಮನೆಗೂ ಹೋಗದೆ ಪೇಟೆಯ ಗ್ರಂಧಿಗೆ ಅಂಗಡಿಗೆ ಹೋಗಿ ಎರಡು ಕಿಲೋ ಅಂಟುವಾಳಕಾಯಿ ತಂದೆ.

ಅತ್ತೆ ಚೀಲ ಬಿಚ್ಚಿ ನೋಡಿ ನಕ್ಕರು. "ಕುಂಕುಡುಕಾಯಿ! ಇಷ್ಟೊಂದು ಯಾರಿಗಮ್ಮಾ, ಊರಿಗೆಲ್ಲಾ ತಲೆ ತೊಳೀತೀಯಾ?"

ಅವರದು ಮೊಳಕಾಲ್ಮೂರಿನ ನೇಕಾರರ ಮನೆತನ, ಮನೆಮಾತು ತೆಲುಗು. ಅಂಟುವಾಳ ಅವರ ಬಾಯಲ್ಲಿ ಕುಂಕುಡುಕಾಯಿ. ನನ್ನದು ಕುದಾಪುರದ ಕಡೆಯ ಹಳ್ಳಿ, ನನಗೆ ತೆಲುಗು ಅರ್ಧಂಬರ್ಧ. ತೆಲುಗಿನಲ್ಲಿ ಅಜ್ಜಿಗೆ ಅವ್ವ ಅನ್ನುತ್ತಾರೆ. ಹೆತ್ತವಳನ್ನು ಅವ್ವ ಎಂದು ಕರೆದು ಬೆಳೆದವಳು ನಾನು. ನನ್ನ ಮಗಳು ಅದೇ ಮಾತಿನಿಂದ ಅಜ್ಜಿಯನ್ನು ಕರೆಯುತ್ತಿದ್ದಳು. ಅವಳು "ಅವ್ವಾ" ಎಂದು ಕೂಗಿದಾಗಲೆಲ್ಲ ನಾನು ಅರ್ಧ ಎದ್ದು, ಮತ್ತೆ ಕೂರುತ್ತಿದ್ದೆ.

ಕಾಯಿಯನ್ನು ಒಡೆದು ಬೀಜ ತೆಗೆಯಬೇಕು, ಬಿಸಿನೀರಿನಲ್ಲಿ ನೆನೆಸಬೇಕು, ಆಮೇಲೆ ಕಿವುಚಿ ಸೋಸಬೇಕು. ಇದನ್ನೆಲ್ಲ ಅತ್ತೆಯೇ ಮಾಡಿ ತೋರಿಸಿದರು. ರೇಷ್ಮೆ ಸೀರೆಗಳನ್ನು ಅದರಲ್ಲೇ ಅದ್ದಿ ತೆಗೆದು ಅಭ್ಯಾಸವಿದ್ದ ಕೈ ಅದು. ಮಗುವಿನ ಬಟ್ಟೆಗಳನ್ನು ಆ ನೀರಿನಲ್ಲಿ ಒಗೆಯತೊಡಗಿದೆವು. ಮೂರು ವಾರದಲ್ಲಿ ಗುಳ್ಳೆಗಳು ಬಾಡಿದವು. ಮುಲಾಮಿನಿಂದಲೋ ಅಂಟುವಾಳದಿಂದಲೋ ಇವತ್ತಿಗೂ ನನಗೆ ಗೊತ್ತಿಲ್ಲ. ಅಂದು ಮಾತ್ರ ಲೋಕದ ಗುಟ್ಟೊಂದು ನನ್ನ ಕೈಗೆ ಸಿಕ್ಕಿದೆ ಅನ್ನಿಸಿತ್ತು.

ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಒಂದು ಕಡೆ ನಿಲ್ಲುವ ಜಾಯಮಾನ ನನ್ನದಲ್ಲ. ಮನೆಯೊಳಗೆ ಎಲ್ಲಿ ನೋಡಿದರೂ ನನಗೆ ವಿಷವೇ ಕಾಣತೊಡಗಿತು. ಸ್ನಾನದ ಸೋಪು ಹೋಗಿ ಕಡಲೆಹಿಟ್ಟು ಬಂತು. ಹಲ್ಲಿಗೆ ಪೇಸ್ಟಿನ ಬದಲು ಬೇವಿನ ಕಡ್ಡಿ. ಅದರ ಕಹಿಗೆ ಮಗಳು ದಿನಾ ಬೆಳಿಗ್ಗೆ ಅತ್ತಳು. ಪ್ಯಾಕೆಟ್ ಎಣ್ಣೆ ಬೇಡವೆಂದು ಎತ್ತಿನ ಗಾಣ ಇನ್ನೂ ಎಲ್ಲಾದರೂ ತಿರುಗುತ್ತಿದೆಯೇ ಎಂದು ಒಂದು ಭಾನುವಾರವಿಡೀ ಹಳ್ಳಿಹಳ್ಳಿ ಸುತ್ತಿದೆ. ಎಲ್ಲೂ ಇರಲಿಲ್ಲ. ಎಣ್ಣೆ ಮಿಲ್ಲಿನ ಗುಮಾಸ್ತನ ಹೆಂಡತಿ ಎಣ್ಣೆ ಹುಡುಕಿಕೊಂಡು ಆಟೋದಲ್ಲಿ ತಿರುಗಾಡಿದ ಸುದ್ದಿ ಮಿಲ್ಲಿಗೆ ನನಗಿಂತ ಮುಂಚೆಯೇ ತಲುಪಿತ್ತು.

"ಯಾಕೆ ಹಿಂಗೆ ಒದ್ದಾಡ್ತೀಯಾ?" ಎಂದರು ನನ್ನ ಗಂಡ. "ಮಗೀಗೆ ವಾಸಿ ಆಗೈತಲ್ಲ. ಇನ್ನೇನಾಗಬೇಕು ನಿನಗೆ?"

ಒಂದನ್ನು ಬದಲಿಸಿದ ಮರುಕ್ಷಣವೇ ಕಣ್ಣು ಇನ್ನೊಂದರ ಮೇಲೆ ಬೀಳುತ್ತಿತ್ತು.

ಆಮೇಲೆ ಪಾತ್ರೆ ತೊಳೆಯುವ ಸೋಪಿನ ಸರದಿ. ನಮ್ಮ ಬಚ್ಚಲ ಒಲೆಗೆ ಮಿಲ್ಲಿನಿಂದ ಶೇಂಗಾ ಸಿಪ್ಪೆ ಬರುತ್ತಿತ್ತು, ಹಾಗಾಗಿ ಬೂದಿಗೆ ಬರವಿರಲಿಲ್ಲ. ಬೂದಿಯನ್ನು ಜರಡಿ ಹಿಡಿದು ಡಬ್ಬಕ್ಕೆ ತುಂಬಿ, ತೆಂಗಿನ ನಾರಿನ ಜೊತೆ ಬಚ್ಚಲ ಕಟ್ಟೆಯ ಮೇಲಿಟ್ಟೆ. ಸೋಪನ್ನು ತೆಗೆದು ಬಿಸಾಡಿದೆ. ಅತ್ತೆ ಡಬ್ಬವನ್ನು ನೋಡಿದರು, ನನ್ನ ಮುಖ ನೋಡಿದರು. ಡಬ್ಬವನ್ನು ಕಟ್ಟೆಯ ಮೂಲೆಗೆ ಸರಿಸಿಟ್ಟು ಒಳಗೆ ಹೋದರು. ಅವರು ಒಪ್ಪಿದರೆಂದೇ ನಾನು ತಿಳಿದುಕೊಂಡೆ.

ಆ ಬೇಸಿಗೆಯಲ್ಲಿ, ಶಾಲೆಗೆ ರಜೆ ಬರುವ ಮುಂಚೆಯೇ, ಪ್ಲಾಸ್ಟಿಕ್ ಕೊಡಗಳು ನನ್ನ ಕಣ್ಣಿಗೆ ಬಿದ್ದವು. ಒಟ್ಟು ಆರಿದ್ದವು. ಎರಡು ಹಸಿರು, ಎರಡು ಕೆಂಪು, ಇನ್ನೆರಡು ಬಿಸಿಲಿಗೆ ಬಣ್ಣ ಹೋದಂಥವು. ಬೀದಿ ನಲ್ಲಿಯಲ್ಲಿ ಎರಡು ಮೂರು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಅದೂ ಬೆಳಿಗ್ಗೆ ಹತ್ತರ ಮೇಲೆ, ನಾನು ಶಾಲೆಯಲ್ಲಿರುವಾಗ. ಕುಡಿಯುವ ನೀರು ಬಿಸಿಲಿನಲ್ಲಿ ಕಾದ ಪ್ಲಾಸ್ಟಿಕ್ಕಿನಲ್ಲಿರುತ್ತದೆ ಎಂಬ ಯೋಚನೆ ಒಮ್ಮೆ ತಲೆ ಹೊಕ್ಕಿದ್ದೇ ತಡ, ಆ ನೀರು ಗಂಟಲಲ್ಲಿ ಇಳಿಯುವುದೇ ನಿಂತುಹೋಯಿತು. ಅಟ್ಟದ ಮೇಲೆ ಅತ್ತೆಯ ಕಾಲದ ಹಿತ್ತಾಳೆ ಕೊಡಗಳು ಕಿಲುಬು ಹಿಡಿದು ಕೂತಿದ್ದವು. ಒಂದು ಶನಿವಾರ ಅತ್ತೆ ಮಗುವನ್ನು ಕರೆದುಕೊಂಡು ಗುಡಿಗೆ ಹೋಗಿದ್ದಾಗ ನಾಲ್ಕನ್ನು ಇಳಿಸಿ, ಹುಣಸೆಹಣ್ಣು ಹಾಕಿ ಬೆಳಗಿದೆ. ಅವು ಹೊಳೆದದ್ದನ್ನು ಕಂಡು ನನಗೆ ಕುಣಿಯುವಷ್ಟು ಖುಷಿ.

ಅಷ್ಟರಲ್ಲಿ ಗುಜರಿ ಸಾಮಾನಿನವರ ತಳ್ಳುಗಾಡಿ ಬಂತು. ಆರೂ ಪ್ಲಾಸ್ಟಿಕ್ ಕೊಡಗಳನ್ನು ಹೊರಗೆ ತಂದಿಟ್ಟೆ. ವಯಸ್ಸಾದ ಸಾಬರು ಒಂದೊಂದನ್ನೇ ಎತ್ತಿ, ಬೆರಳಿನಿಂದ ತಟ್ಟಿ ನೋಡಿದರು.

"ಎಲ್ಲಾ ಚಲೋ ಅವೆ ಬೇಟಿ. ಒಂದೂ ತೂತಿಲ್ಲ. ಯಾಕೆ ಕೊಡ್ತೀಯಾ? ಮನೆಯಾಗೆ ಕೇಳಿದ್ಯಾ?"

"ಕೇಳೋದೇನೈತೆ? ತಗೊಂಡು ಹೋಗ್ರಿ" ಎಂದೆ.

ಬದಲಿಗೆ ಅವರು ಕೊಟ್ಟ ಬೆಳ್ಳುಳ್ಳಿಯನ್ನು ಒಳಗಿಟ್ಟು, ಅತ್ತೆ ಬರುವುದನ್ನೇ ಕಾಯುತ್ತ ಬಾಗಿಲಿಗೂ ಅಡುಗೆಮನೆಗೂ ತಿರುಗಾಡಿದೆ. ಅವರು ಬಂದು ಹಿತ್ತಾಳೆ ಕೊಡಗಳ ಸಾಲು ನೋಡಿದರು. ಪ್ಲಾಸ್ಟಿಕ್ ಕೊಡಗಳಿದ್ದ ಖಾಲಿ ಜಾಗ ನೋಡಿದರು.

"ಹೆಂಗೈತೆ ಅತ್ತೆ?" ಎಂದೆ.

"ಹೊಳೀತವೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಅಲ್ಲಿಂದ ಎರಡು ವಾರ ಅವರು ಆ ಹಿತ್ತಾಳೆ ಕೊಡಗಳಲ್ಲೇ ನೀರು ಹೊತ್ತರು. ನಾನದನ್ನು ಕಣ್ಣಾರೆ ನೋಡಲೇ ಇಲ್ಲ. ಶಾಲೆಯಿಂದ ಬರುವ ಹೊತ್ತಿಗೆ ಕೊಡಗಳು ತುಂಬಿ ಸಾಲಾಗಿ ಕೂತಿರುತ್ತಿದ್ದವು. ನೋಡಿದರೆ ಸಾಕು, ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಅತ್ತೆ ಎಡಗೈಯಿಂದ ಊಟ ಬಡಿಸತೊಡಗಿದ್ದು ನನ್ನ ಗಮನಕ್ಕೇ ಬರಲಿಲ್ಲ. ಬಂದಿದ್ದು ನನ್ನ ಗಂಡನ ಗಮನಕ್ಕೆ. ಕೇಳಿದ್ದಕ್ಕೆ, "ಏನಿಲ್ಲಪ್ಪ, ಭುಜ ಹಿಡಕಂಡೈತೆ" ಎಂದರಂತೆ.

ಒಂದು ಮಂಗಳವಾರ ಶಾಲೆ ಮುಗಿಸಿ ಬಂದರೆ ಪಕ್ಕದ ಮನೆಯಾಕೆ ಮಗಳನ್ನು ಕೂರಿಸಿಕೊಂಡಿದ್ದರು. "ನಿಮ್ಮತ್ತೆ ಮೊಳಕಾಲ್ಮೂರಿಗೆ ಹೋದ್ರು, ತಂಗಿ ಮನೆಗೆ. ಹೇಳು ಅಂದ್ರು" ಎಂದರು. ಮನೆಯೊಳಗೆ ಅನ್ನ ಸಾರು ಮುಚ್ಚಿಟ್ಟಿತ್ತು. ಕೊಡಗಳು ತುಂಬಿದ್ದವು. ನಾಲ್ಕನೆಯ ಕೊಡದ ಹೊಟ್ಟೆ ಮಾತ್ರ ತಗ್ಗಾಗಿತ್ತು. ಅತ್ತೆ ಅದನ್ನು ಕೈಜಾರಿ ಬೀದಿಯಲ್ಲೇ ಬೀಳಿಸಿದ್ದರು. ಆಮೇಲೆ ಅದನ್ನೇ ಮತ್ತೆ ತುಂಬಿಸಿಕೊಂಡು ಬಂದು ಇಟ್ಟು, ಬಸ್ಸು ಹತ್ತಿದ್ದರು. ಪಕ್ಕದಾಕೆ ಎಲ್ಲವನ್ನೂ ಹೇಳಿದರು.

ನನ್ನ ಗಂಡ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ತಗ್ಗು ಬಿದ್ದ ಕೊಡವನ್ನು ಎತ್ತಿ ನೋಡಿ, "ತುಂಬಿದಾಗ ಎಷ್ಟು ಭಾರ ಐತೆ ಇದು, ಎತ್ತಿ ನೋಡಿದ್ಯಾ?" ಎಂದು ಕೇಳಿದರು. ನಾನು ಎತ್ತಿರಲಿಲ್ಲ. ಖಾಲಿ ಇದ್ದಾಗ ಬೆಳಗಿದ್ದೆ, ಅಷ್ಟೇ.

ಭಾನುವಾರದವರೆಗೆ ಹೇಗೆ ದಿನ ನೂಕಿದೆನೋ. ಭಾನುವಾರ ಮಗಳನ್ನು ಕರೆದುಕೊಂಡು ಮೊದಲ ಪ್ರೈವೇಟ್ ಬಸ್ಸು ಹತ್ತಿದೆ. ಡ್ರೈವರ್ ಅಲ್ಲಲ್ಲಿ ನಿಲ್ಲಿಸಿದಾಗಲೆಲ್ಲ ನನಗೆ ಎದ್ದು ನಡೆದುಕೊಂಡೇ ಹೋಗಿಬಿಡೋಣ ಅನ್ನಿಸುತ್ತಿತ್ತು. ದಾರಿಯ ಹಾನಗಲ್ ಹಳ್ಳಿ ದಾಟಿ ಬಂಡೆಗುಡ್ಡಗಳು ಹತ್ತಿರವಾದ ಮೇಲೂ, ಏನು ಹೇಳಬೇಕೆಂಬ ಮಾತು ಬಾಯಲ್ಲಿ ಕೂಡಿಬರಲಿಲ್ಲ.

ಅತ್ತೆಯ ತಂಗಿಯ ಮನೆಯಲ್ಲಿ ನಡುಮನೆಯೇ ಮಗ್ಗದ ಮನೆ. ಮನೆಯ ಯಜಮಾನರು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ಬಾಗಿಲ ಬೆಳಕಿನಲ್ಲಿ ಅತ್ತೆ ರಾಟೆ ಮುಂದೆ ಕೂತು, ಲಾಳಿಗೆ ಹಾಕುವ ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದರು. ಮದುವೆಯಾದಾಗಿನಿಂದ ಚಳ್ಳಕೆರೆಗೆ ಬರುವವರೆಗೂ ಅವರು ಮಾಡಿದ್ದು ಅದೇ ಕೆಲಸ. ಆದರೆ ಅಂದು ರಾಟೆ ತಿರುಗಿಸುತ್ತಿದ್ದದ್ದು ಎಡಗೈ. ಎಳೆ ಮತ್ತೆ ಮತ್ತೆ ತುಂಡಾಗುತ್ತಿತ್ತು.

"ವಚ್ಚಿಂದಿ ಚೂಡು" ಎಂದರು ತಂಗಿ. ಬಂದಳು ನೋಡು ಎಂದು. ಅಷ್ಟು ತೆಲುಗು ನನಗೂ ಬರುತ್ತಿತ್ತು. ಮಗಳು "ಅವ್ವಾ" ಎಂದು ಓಡಿಹೋಗಿ ಅವರ ತೊಡೆ ಏರಿದಳು.

ನಾನು ನಿಂತೇ ಇದ್ದೆ. "ಅತ್ತೆ, ತಪ್ಪಾಯ್ತು. ಮನೆಗೆ ಬರ್ರಿ" ಎಂದೆ.

"ಏನು ತಪ್ಪು ಹೇಳು, ನೋಡಾಣ."

"ನಿಮ್ಮನ್ನ ಕೇಳ್ದಂಗೆ ಕೊಡ ಕೊಟ್ಬಿಟ್ಟೆ."

ಅವರು ತಲೆ ಅಲ್ಲಾಡಿಸಿದರು. "ಅದಲ್ಲಮ್ಮಾ. ಕೊಡ ಹೋದ್ರೆ ಹೋಯ್ತು. ನೀನು ಬೂದಿ ಜರಡಿ ಹಿಡಿದಿಟ್ಟು ಸ್ಕೂಲಿಗೆ ಹೋದೆ. ತಿಕ್ಕಿದ್ಯಾರು? ಹಿತ್ತಾಳೆ ಇಳಿಸಿದೆ, ಹೊತ್ತಿದ್ಯಾರು? ಇಲ್ಲಿ ನೋಡು." ಎಳೆ ಹಿಡಿದಿದ್ದ ಬಲಗೈ ಬಿಡಿಸಿ ಬೆರಳು ತೋರಿಸಿದರು. ಬೂದಿಗೆ ಒಡೆದ ತುದಿಗಳಲ್ಲಿ ರೇಷ್ಮೆಯ ಸಣ್ಣ ಎಳೆಗಳು ಸಿಕ್ಕಿಕೊಂಡಿದ್ದವು. "ರೇಷ್ಮೆ ಮುಟ್ಟಾಕೂ ಆಗವಲ್ದು, ಎಳೆ ಹಿಡೀತೈತೆ."

ಮಗ್ಗದ ಸದ್ದು ನಿಂತಿತು. ಯಜಮಾನರು ಕಿವಿಗೊಟ್ಟಿದ್ದಾರೆಂದು ಗೊತ್ತಾಗಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಾನು ಮೊದಲ್ನೇ ಪ್ಲಾಸ್ಟಿಕ್ ಕೊಡ ತಂದಿದ್ದು ಇದೇ ಊರಾಗೆ" ಎಂದು ಅತ್ತೆ ಮುಂದುವರಿಸಿದರು. ಅವರ ದನಿಯಲ್ಲಿ ಸಿಟ್ಟು ಇಳಿದಿತ್ತು. "ನಿನ್ನ ಗಂಡ ಆಗ ಹೈಸ್ಕೂಲು. ನೀರು ತುಂಬಿ ಎತ್ತಿದೆ ನೋಡು, ಇದೇನಪ್ಪ ಇಷ್ಟು ಹಗುರ ಐತೆ, ಅರ್ಧಾನೇ ತುಂಬೈತೇನೋ ಅಂತ ಇಳಿಸಿ ಒಳಗೆ ಬಗ್ಗಿ ನೋಡ್ದೆ. ತುಂಬಿತ್ತು. ಹುಚ್ಚಿ ತರ ಒಬ್ಬಳೇ ನಕ್ಕೆ. ನಿನಗೆ ಅದು ವಿಷ. ಇರಬೌದು, ನೀನು ಓದಿದಾಕಿ. ನನಗೆ ಅದು ಅವತ್ತು ದೇವರು ಕೊಟ್ಟಂಗಿತ್ತು."

ನನಗೆ ಅಳು ಬಂತು. ಅವರಿಗೆ ನನ್ನ ಅಳು ಬೇಕಿರಲಿಲ್ಲ. ಮಗಳ ತಲೆ ಸವರುತ್ತ, "ಊಟ ಮಾಡ್ಕೊಂಡು ಹೋಗು. ನಾನು ಎಂಟು ದಿನ ಬಿಟ್ಟು ಬರ್ತೀನಿ. ಅಲ್ಲೀತನಕ ನೀರು ನೀನೇ ತಾ, ನೋಡು" ಎಂದರು.

ನೀರು ಬರುವ ದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ ನಲ್ಲಿಯ ಸಾಲಿನಲ್ಲಿ ನಿಂತೆ. ಮೊದಲ ಕೊಡವನ್ನು ಸೊಂಟಕ್ಕೇರಿಸುವಷ್ಟರಲ್ಲೇ ಅರ್ಧ ನೀರು ಸೀರೆಯ ಮೇಲಿತ್ತು. ಎರಡನೆಯದನ್ನು ದಾರಿಯಲ್ಲಿ ಮೂರು ಕಡೆ ಇಳಿಸಿದೆ. ಹಿತ್ತಾಳೆಯ ಕಂಠ ಸೊಂಟದ ಎಲುಬಿಗೆ ಒತ್ತಿ ನೀಲಿಗಟ್ಟಿತು. ಮಧ್ಯಾಹ್ನ ಬೋರ್ಡಿನ ಮೇಲೆ ಬರೆದರೆ ಅಕ್ಷರಗಳು ಸಾಲು ಬಿಟ್ಟು ಕೆಳಗಿಳಿದವು. ಇನ್ನೊಮ್ಮೆ ನೀರು ಬಂದಾಗ ನನ್ನ ಗಂಡ ಮಿಲ್ಲಿನಲ್ಲಿ ಹೇಳಿ ಮನೆಗೆ ಬಂದು, ಸೈಕಲ್ಲಿನ ಕ್ಯಾರಿಯರ್‌ಗೆ ಹಗ್ಗ ಕಟ್ಟಿ ಎರಡು ಕೊಡ ತೂಗಿಹಾಕಿಕೊಂಡು ಹೊರಟರು.

ನಲ್ಲಿ ಹತ್ತಿರದ ಹೆಂಗಸರು ಸುಮ್ಮನಿದ್ದಾರೆಯೇ? "ಏನಣ್ಣಾ, ನೀವ್ ಬಂದ್ರಿ? ಮನೆಯಾಗೆ ಹುಷಾರಿಲ್ವಾ?"

"ಎಲ್ಲಾ ಹುಷಾರಾಗವ್ರೆ" ಎಂದು ನನ್ನ ಗಂಡ ಹೇಳಿದರಂತೆ. "ನಾನೂ ನೀರು ಕುಡಿತೀನಿ, ಅದಕ್ಕೆ ಬಂದೆ." ಅಷ್ಟು ಹೇಳಿ ಹೊರಟವರು ತಿರುವಿನಲ್ಲಿ ಸೈಕಲ್ಲು ವಾಲಿ ಎರಡೂ ಕೊಡ ಚೆಲ್ಲಿಕೊಂಡರು. ಇದನ್ನು ಹೇಳುತ್ತ ಅವರು ನಕ್ಕರು. ಆ ವಾರದಲ್ಲಿ ನಮ್ಮ ಮನೆಯಲ್ಲಿ ಕೇಳಿದ ನಗು ಅದೊಂದೇ.

ಅತ್ತೆ ಹೇಳಿದಂತೆ ಎಂಟನೆಯ ದಿನ ಸರ್ಕಾರಿ ಬಸ್ಸಿನಲ್ಲಿ ಬಂದಿಳಿದರು. ಬಂದವರು ನೀರಿನ ಕಡೆ ನೋಡಲೂ ಇಲ್ಲ. ಕೈಚೀಲದಿಂದ ಪಾತ್ರೆ ತೊಳೆಯುವ ಸೋಪೊಂದನ್ನು ತೆಗೆದು ಬಚ್ಚಲ ಕಟ್ಟೆಯ ಮೇಲಿಟ್ಟರು. ಸಂಜೆ ನಾನೇ ಪೇಟೆಗೆ ಹೋಗಿ ಎರಡು ಸಣ್ಣ ಪ್ಲಾಸ್ಟಿಕ್ ಕೊಡ ತಂದೆ. ಅಂಗಡಿಯಲ್ಲಿ ಅವನ್ನು ಕೈಗೆತ್ತಿಕೊಳ್ಳುವಾಗ ನನ್ನ ಮೈ ಇನ್ನೂ ಒಪ್ಪಿರಲಿಲ್ಲ. ಅವು ಬಳಕೆ ನೀರಿಗೆ, ಅತ್ತೆಗೆ. ಕುಡಿಯುವ ನೀರು ಹಿತ್ತಾಳೆಯಲ್ಲಿ, ಸರದಿಯಂತೆ ಕೆಲಸದ ನಡುವೆ ಬಂದು ಅದನ್ನು ತರುವುದು ನಾವಿಬ್ಬರು. ಹೀಗೊಂದು ಒಪ್ಪಂದವನ್ನು ಯಾರೂ ಕೂತು ಮಾಡಲಿಲ್ಲ. ದಿನ ಕಳೆದಂತೆ ಅದೇ ರೂಢಿಯಾಯಿತು. ಬೂದಿ ಡಬ್ಬವನ್ನು ಕರಿಬೇವಿನ ಬುಡಕ್ಕೆ ಸುರಿದೆ. ಅಂಟುವಾಳ ಮಾತ್ರ ಉಳಿಯಿತು. ಕಾಯಿ ಒಡೆದು ಬೀಜ ತೆಗೆಯುವುದು ನನ್ನ ಗಂಡನ ಭಾನುವಾರದ ಕೆಲಸವಾಯಿತು. ಚಳಿಗಾಲದಲ್ಲಿ ಮಗಳ ಗುಳ್ಳೆಗಳು ಅಂಟುವಾಳವಿದ್ದೂ ಒಮ್ಮೆ ಮರಳಿ ಬಂದವು. ಮತ್ತೆ ಮುಲಾಮು ಹಚ್ಚಿದೆವು. ದೊಡ್ಡವಳಾಗುತ್ತ ತಾವೇ ಹೋದವು.

ಅತ್ತೆಯ ಭುಜ ಪೂರ್ತಿ ವಾಸಿಯಾಗಲೇ ಇಲ್ಲ. ಬಲಗೈ ಕಿವಿಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ತಲೆ ಬಾಚಿಕೊಳ್ಳಲು ಆಗದೆ ಅವರು ಕೂದಲನ್ನು ಹಾಗೇ ಗಂಟು ಹಾಕಿಕೊಂಡು ಓಡಾಡುವುದನ್ನು ಕಂಡು, ಶಾಲೆಗೆ ಹೊರಡುವ ಮುಂಚೆ ನಾನೇ ಬಾಚಲು ಶುರುಮಾಡಿದೆ. ಅವರು ಬಾಗಿಲ ಹೊಸ್ತಿಲ ಮೇಲೆ ಕೂರುತ್ತಿದ್ದರು. ನಾನು ಹಿಂದೆ ನಿಂತು ಬಾಚಣಿಗೆ ಹಾಕುತ್ತಿದ್ದೆ. ನನ್ನ ಕಣ್ಣು ಗಡಿಯಾರದ ಮೇಲೆ, ಒಲೆಯ ಮೇಲಿನ ಹಾಲಿನ ಮೇಲೆ, ಬೀದಿಯಲ್ಲಿ ಯಾರೋ ಸುಡುತ್ತಿದ್ದ ಕಸದ ಹೊಗೆಯ ಮೇಲೆ.

"ನಿಧಾನಮ್ಮಾ" ಎನ್ನುತ್ತಿದ್ದರು ಅತ್ತೆ. "ಎಳೀಬ್ಯಾಡ, ನೋಯ್ತೈತೆ."

ನಾನು ಒಂದು ಗಳಿಗೆ ಕೈ ತಡೆದು ಮತ್ತೆ ಬುಡದಿಂದ ಶುರುಮಾಡುತ್ತಿದ್ದೆ.